ಗೋಡೆ ಮೇಲಿನ 'ಗುಪ್ತರೋಗ'ದ ಚರಿತ್ರೆ

ಭದ್ರಾವತಿ-ಶಿವಮೊಗ್ಗ ನಡುವೆ ಬಸ್ಸಿನಲ್ಲಿ ಓಡಾಡಿದವರಿಗೆ ಆ ಗೋಡೆ ಬರಹಗಳ ಪರಿಚಯ ಇದ್ದೇ ಇರುತ್ತೆ. 'ಗುಪ್ತರೋಗಕ್ಕೆ ಗ್ಯಾರಂಟಿ ಚಿಕಿತ್ಸೆ', ಕೆಳಗೊಂದು ಲಾಡ್ಜಿನ ರೂಮ್ ನಂಬರು. ಚಿಕ್ಕವನಿದ್ದಾಗ ನಾನದನ್ನು ಜೋರಾಗಿ ಓದಿದರೆ ಅಪ್ಪ 'ಸುಮ್ನಿರೋ' ಅಂತಿದ್ರು. ಅಲ್ಲಿ ಹೇಳುತ್ತಿದ್ದದ್ದು ಮುಖ್ಯವಾಗಿ ಗಂಡಸರ ನಿಮಿರುವಿಕೆಯ ತೊಂದರೆ ಬಗ್ಗೆ ಅಂತ ಗೊತ್ತಾಗಿದ್ದು ಎಷ್ಟೋ ವರ್ಷದ ಮೇಲೆ.

ತಮಾಷೆ ನೋಡಿ, ಲೈಂಗಿಕ ಶಕ್ತಿ ಹೆಚ್ಚಿಸುತ್ತೇವೆ ಅಂತ ಔಷಧಿಯ ಜಾಹೀರಾತು ಕೊಡುವುದನ್ನು ನಮ್ಮ ದೇಶದಲ್ಲಿ 1954ರ ಕಾನೂನೇ ನಿಷೇಧಿಸಿದೆ. ಆದರೂ ಗೋಡೆ ಬರಹ ನಿಲ್ಲಲಿಲ್ಲ. ಡಾಕ್ಟರ ಹತ್ತಿರ ಬಾಯಿ ಬಿಡಲು ನಾಚಿಕೊಂಡವರೇ ಆ ಲಾಡ್ಜಿನ ಗಿರಾಕಿಗಳು.

ನಮ್ಮ ಹಳಬರು ಹೀಗೆ ಮುಚ್ಚಿಡುತ್ತಿದ್ದರಾ? ಇಲ್ಲ. ಆಯುರ್ವೇದದ ಎಂಟು ಅಂಗಗಳಲ್ಲಿ ವಾಜೀಕರಣವೂ ಒಂದು. ಚರಕಸಂಹಿತೆ ಈ ತೊಂದರೆಯನ್ನು ನಾಲ್ಕು ಬಗೆಯಾಗಿ ವಿಂಗಡಿಸುತ್ತದೆ. ಮುಪ್ಪು, ಚಿಂತೆ, ಶೋಕ, ಭಯ ಎಲ್ಲವನ್ನೂ ಕಾರಣವಾಗಿ ಎಣಿಸುತ್ತದೆ. ಜನರ ಬಾಯಲ್ಲಿ ಮಾತ್ರ ಅದು 'ಷಂಡ' ಎಂಬ ಬೈಗುಳವಾಗಿ ಉಳಿಯಿತು. ಬೈಗುಳವನ್ನು ಯಾರು ತಾನೇ ಡಾಕ್ಟರ ಮುಂದೆ ತನಗೆ ತಾನೇ ಹೇಳಿಕೊಳ್ಳುತ್ತಾರೆ?

ಇಂಗ್ಲಿಷಿನಲ್ಲೂ ಇದೇ ಕಥೆ. ಅಲ್ಲಿ ಬಹಳ ಕಾಲ 'ಇಂಪೊಟೆನ್ಸ್' ಅನ್ನುತ್ತಿದ್ದರು, ಅಂದರೆ ಶಕ್ತಿಹೀನತೆ. 1992ರಲ್ಲಿ ಅಮೆರಿಕದ ಎನ್.ಐ.ಎಚ್. ಕರೆದ ತಜ್ಞರ ಸಭೆ ಆ ಪದ ಬಿಟ್ಟು 'ಇರೆಕ್ಟೈಲ್ ಡಿಸ್‌ಫಂಕ್ಷನ್' ಅನ್ನಿ ಎಂದಿತು. ಎದೆನೋವಿಗೆಂದು ಪರೀಕ್ಷಿಸುತ್ತಿದ್ದ ಸಿಲ್ಡೆನಾಫಿಲ್ ಈ ತೊಂದರೆಯ ಮಾತ್ರೆಯಾಗಿ 1998ರ ಮಾರ್ಚಿನಲ್ಲಿ ಅಲ್ಲಿ ಮಂಜೂರಾಯಿತು. ರಕ್ತನಾಳ ಸಡಿಲಿಸುವ ನೈಟ್ರಿಕ್ ಆಕ್ಸೈಡಿನ ಕೆಲಸ ಕಂಡುಹಿಡಿದ ಮೂವರಿಗೆ ಅದೇ ವರ್ಷ ನೊಬೆಲ್ ಬಂತು.

ಈ ಚರಿತ್ರೆಯಿಂದ ನಾವು ಕಲಿಯಬೇಕಾದದ್ದು ಒಂದೇ: ಇದು ಗಂಡಸ್ತನದ ಪ್ರಶ್ನೆಯಲ್ಲ, ಬಹಳ ಸಲ ರಕ್ತನಾಳದ ಪ್ರಶ್ನೆ. ಶಿಶ್ನದ ರಕ್ತನಾಳ ಹೃದಯದ ರಕ್ತನಾಳಕ್ಕಿಂತ ಸಣ್ಣದು, ಹಾಗಾಗಿ ಮೊದಲು ಕಟ್ಟಿಕೊಳ್ಳುತ್ತದೆ. ಎದೆನೋವು ಬರುವುದಕ್ಕೆ ಕೆಲವು ವರ್ಷ ಮೊದಲೇ ಈ ಸೂಚನೆ ಸಿಗಬಹುದು. ಸಕ್ಕರೆ ಕಾಯಿಲೆಯೂ ಹೀಗೆ ಮೊದಲು ಗೊತ್ತಾಗುವುದುಂಟು.

ಒಂದೆರಡು ದಿನ ಆಗಲಿಲ್ಲ ಅಂದರೆ ಅದು ರೋಗವಲ್ಲ. ದಣಿವು, ಕುಡಿತ, ಜಗಳ ಏನಾದರೂ ಇರಬಹುದು. ತಿಂಗಳುಗಟ್ಟಲೆ ಹಾಗೇ ಇದ್ದರೆ ತೋರಿಸಬೇಕು. ಬೆಳಗಿನ ಜಾವ ತಾನಾಗಿ ನಿಮಿರುತ್ತಿದ್ದರೆ ಮನಸ್ಸಿನ ಒತ್ತಡ ಕಾರಣವಿರಬಹುದು. ಅದೂ ಇಲ್ಲವಾದರೆ ದೇಹದ ಕಾರಣ ಹುಡುಕುತ್ತಾರೆ.

ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೋ ನಿಮ್ಮ ಮನೆ ಡಾಕ್ಟರ ಹತ್ತಿರವೋ ಹೋಗಿ, ಸುತ್ತಿ ಬಳಸದೆ ಹೇಳಿ: 'ಡಾಕ್ಟ್ರೇ, ಮೂರು ತಿಂಗಳಿಂದ ಸರಿಯಾಗಿ ನಿಮಿರ್ತಿಲ್ಲ.' ಅಷ್ಟು ಸಾಕು, ಮಿಕ್ಕಿದ್ದನ್ನು ಅವರೇ ಕೇಳುತ್ತಾರೆ. ಬಿ.ಪಿ., ಸಕ್ಕರೆ, ಕೊಲೆಸ್ಟ್ರಾಲ್ ನೋಡುತ್ತಾರೆ. ಬೀಡಿ, ಗುಟ್ಕಾ ಅಭ್ಯಾಸ ಮುಚ್ಚಿಡಬೇಡಿ. ನುಂಗುತ್ತಿರುವ ಮಾತ್ರೆಗಳ ಚೀಟಿ ಒಯ್ಯಿರಿ, ಕೆಲವು ಬಿ.ಪಿ. ಮಾತ್ರೆಗಳಿಂದಲೂ ಹೀಗಾಗುತ್ತದೆ. ಹಾಗಂತ ನೀವಾಗಿಯೇ ನಿಲ್ಲಿಸಬೇಡಿ.

ಇನ್ನೊಂದು ಮಾತು. ಎದೆನೋವಿಗೆ ಸಾರ್ಬಿಟ್ರೇಟ್‌ನಂಥ ನೈಟ್ರೇಟ್ ತೆಗೆದುಕೊಳ್ಳುವವರು ಸಿಲ್ಡೆನಾಫಿಲ್ ಮುಟ್ಟಲೇಬಾರದು, ಬಿ.ಪಿ. ಕುಸಿದು ಪ್ರಾಣಕ್ಕೇ ಅಪಾಯ. ಮೆಡಿಕಲ್ ಶಾಪಿನಲ್ಲಿ ಪಿಸುಮಾತಿನಲ್ಲಿ ಕೇಳಿ ತರುವ ಮಾತ್ರೆ ಇದಲ್ಲ.