ಶೇಕರ್
ಕ್ರೈಸ್ತ ಪಂಥವೊಂದರ ಹೆಸರು. ಪದದ ಅರ್ಥ 'ನಡುಗುವವರು'. 18ನೆಯ ಶತಮಾನದ ಮ್ಯಾಂಚೆಸ್ಟರಿನಲ್ಲಿ ಪ್ರಾರ್ಥನೆಯ ಆವೇಶಕ್ಕೆ ಮೈ ಅದುರಿಸುತ್ತ ಕುಣಿಯುತ್ತಿದ್ದವರನ್ನು ಜನ 'ಶೇಕಿಂಗ್ ಕ್ವೇಕರ್ಸ್', ಅಂದರೆ ನಡುಗುವ ಕ್ವೇಕರ್ ಪಂಥದವರು, ಎಂದು ಹಂಗಿಸಿದರು. ಅದೇ ಮೊಟಕಾಗಿ 'ಶೇಕರ್' ಆಯಿತು. ಅವರಾದರೋ ತಮ್ಮನ್ನು 'ವಿಶ್ವಾಸಿಗಳು' ಎಂದೇ ಕರೆದುಕೊಂಡರು.

1774ರಲ್ಲಿ ಪಂಥದ ನಾಯಕಿ ಆನ್ ಲೀ ಸಣ್ಣ ಗುಂಪಿನೊಡನೆ ಅಮೆರಿಕಕ್ಕೆ ಹೋದ ಮೇಲೆ, ಹಂಗಿಸುವ ಮಾತಿಗೆ ಗೌರವ ತಂದುಕೊಟ್ಟದ್ದು ದುಡಿಮೆ. ಬ್ರಹ್ಮಚರ್ಯ ಪಾಲಿಸಿ, ಆಸ್ತಿಯನ್ನೆಲ್ಲ ಸಮುದಾಯಕ್ಕೆ ಒಪ್ಪಿಸಿದ ಸೋದರರು ಹೊಲ ಉತ್ತರು, ಕುರ್ಚಿ ಮಾಡಿದರು, ಚಪ್ಪಟೆ ಪೊರಕೆ ಕಟ್ಟಿದರು. ಸೋದರಿಯರು ಅಡುಗೆಮನೆ, ಬಟ್ಟೆ ಒಗೆಯುವ ಮನೆಗಳಲ್ಲಿ ಸರದಿಯಂತೆ ದುಡಿದರು. ತರಕಾರಿ ಬೀಜವನ್ನು ಕಾಗದದ ಪೊಟ್ಟಣದಲ್ಲಿ ಮಾರಿದ ಮೊದಲಿಗರಲ್ಲಿ ಇವರೂ ಸೇರುತ್ತಾರೆ. ಕೈಗೆಲಸವೂ ಪ್ರಾರ್ಥನೆಯೇ ಎಂಬುದು ಅವರ ನಂಬಿಕೆ. ಇಂದು ಪೀಠೋಪಕರಣದ ಅಂಗಡಿಗಳಲ್ಲಿ 'ಶೇಕರ್' ಎಂದರೆ ಅಲಂಕಾರವಿಲ್ಲದ, ನೇರ ಗೆರೆಯ ವಿನ್ಯಾಸ.