ನಗರದ ದೀಪಕ್ಕೆ ಯಜಮಾನನ ಹುಡುಕಾಟ

ಪಟ್ಟಣಕ್ಕೆ ದೀಪ ಬೇಕೆಂಬ ವಿಷಯದಲ್ಲಿ ಯಾರಿಗೂ ಭಿನ್ನಾಭಿಪ್ರಾಯವಿರುವುದಿಲ್ಲ. ಆದರೆ ಆ ದೀಪವನ್ನು ಉರಿಸುವ ಇಲಾಖೆಯು ಪಟ್ಟಣದ ಸ್ವಂತದ್ದೇ ಆಗಿದ್ದರೆ, ಅದರ ಮುಖ್ಯಾಧಿಕಾರಿಯನ್ನು ಆರಿಸತಕ್ಕವರು ಯಾರು, ಎಂಥವನನ್ನು ಆರಿಸಬೇಕು, ಬೇಡವೆನಿಸಿದಾಗ ಅವನನ್ನು ತೆಗೆದುಹಾಕುವ ಅಧಿಕಾರ ಯಾರದು ಎಂಬ ಪ್ರಶ್ನೆಗಳು ಎದ್ದೊಡನೆ ಜಗಳ ಮೊದಲಾಗುತ್ತದೆ. ನೂರು ವರ್ಷಕ್ಕೂ ಮೇಲ್ಪಟ್ಟು ಈ ಜಗಳವನ್ನು ಬಿಡದೆ ಆಡಿಕೊಂಡು ಬಂದ ಒಂದು ಪಟ್ಟಣದ ಚರಿತ್ರೆಯನ್ನು ಈ ಹೊತ್ತು ನಾವು ಹೇಳಬೇಕೆಂದಿದ್ದೇವೆ. ಅದು ಅಮೆರಿಕಾ ಸಂಯುಕ್ತ ಸಂಸ್ಥಾನಗಳ ವಾಯವ್ಯ ಮೂಲೆಯಲ್ಲಿ, ವಾಷಿಂಗ್ಟನ್ ಸಂಸ್ಥಾನದಲ್ಲಿರುವ ಸಿಯಾಟಲ್ ನಗರ. ಅಧ್ಯಕ್ಷರು ವಾಸಿಸುವ ರಾಜಧಾನಿಯ ವಾಷಿಂಗ್ಟನ್ ಬೇರೆ, ಈ ವಾಷಿಂಗ್ಟನ್ ಬೇರೆ. ಇವೆರಡರ ನಡುವೆ ಇಡೀ ಖಂಡವೇ ಇದೆ.

ಅಷ್ಟು ದೂರದ ಊರಿನ ಮಾತು ನಮಗೇಕೆ ಎನ್ನುವವರಿಗೆ ಒಂದು ಸಂಗತಿಯನ್ನು ಜ್ಞಾಪಿಸುತ್ತೇವೆ. ಶಿವನಸಮುದ್ರದ ವಿದ್ಯುಚ್ಛಕ್ತಿಯು ಕೋಲಾರದ ಚಿನ್ನದ ಗಣಿಗಳಿಗೆ ಹರಿದದ್ದು 1902ರಲ್ಲಿ. ಅದೇ ವರ್ಷ ಮಾರ್ಚಿ ತಿಂಗಳಲ್ಲಿ ಸಿಯಾಟಲಿನ ಮತದಾರರು ಸೀಡರ್ ನದಿಯ ನೀರಿನಿಂದ ತಮ್ಮದೇ ವಿದ್ಯುತ್ತನ್ನು ಹುಟ್ಟಿಸಿಕೊಳ್ಳುವುದಕ್ಕಾಗಿ 5,90,000 ಡಾಲರುಗಳ ಸಾಲಪತ್ರಗಳಿಗೆ ಒಪ್ಪಿಗೆ ಕೊಟ್ಟರು. ನಮ್ಮ ಕಾವೇರಿ ಕೆಲಸವನ್ನು ನಡೆಸಿದ ಜೋಲಿ ಡಿ ಲಾಟ್‌ಬಿನಿಯೇರ್ ಎಂಬ ಸೈನ್ಯದ ಇಂಜಿನಿಯರು ಕೆನಡಾ ದೇಶದವನು. ಸಿಯಾಟಲಿನ ಕೆಲಸಕ್ಕೆ ಬಂದವನೂ ಕೆನಡಾದವನೇ. ಆದರೆ ಸಾಮ್ಯ ಇಲ್ಲಿಗೆ ಮುಗಿಯಿತು. ನಮ್ಮಲ್ಲಿ ಯಜಮಾನತನ ಸರ್ಕಾರದ್ದು. ಇಂಜಿನಿಯರನ್ನು ಕರೆತಂದದ್ದು, ಇಟ್ಟುಕೊಂಡದ್ದು, ಕಳುಹಿಸಿದ್ದು ಎಲ್ಲವೂ ದರ್ಬಾರಿನ ಹುಕುಮು. ಅಲ್ಲಿ ಯಜಮಾನ ಊರೇ. ಊರೆಂದರೆ ಒಬ್ಬನಲ್ಲ, ಒಂದು ಬಾಯಲ್ಲ, ಅಲ್ಲಿಯೇ ತೊಡಕು.

ಆ ಕಾಲದ ಸಿಯಾಟಲಿನಲ್ಲಿ ಬೋಸ್ಟನ್ ನಗರದ ಬಂಡವಾಳಗಾರರಿಗೆ ಸೇರಿದ ಒಂದು ಖಾಸಗಿ ಕಂಪೆನಿಯು ದೀಪವನ್ನೂ ಟ್ರಾಮು ಗಾಡಿಗಳನ್ನೂ ಒಟ್ಟಿಗೆ ಹಿಡಿದುಕೊಂಡಿತ್ತು. ದರ ಹೆಚ್ಚಾಯಿತೆಂಬ ಕೂಗೆದ್ದು, ಊರು ತನ್ನದೇ ಯಂತ್ರಗಳನ್ನು ಹೂಡಿತು. 1905ರ ಆರಂಭದಿಂದ ಬೀದಿಗಳಲ್ಲಿ ನಗರದ ಸ್ವಂತ ದೀಪ ಉರಿಯತೊಡಗಿತು. ಖಾಸಗಿ ಕಂಪೆನಿಯೂ ಊರು ಬಿಟ್ಟು ಹೋಗಲಿಲ್ಲ. ಒಂದೇ ಬೀದಿಯಲ್ಲಿ ಇಬ್ಬರ ಕಂಬಗಳು, ಇಬ್ಬರ ತಂತಿಗಳು. ಒಂದು ಮನೆಗೆ ನಗರದ ವಿದ್ಯುತ್ತು, ನೆರೆಯ ಮನೆಗೆ ಕಂಪೆನಿಯದು. ಈ ವಿಚಿತ್ರ ಸಂಸಾರ 1951ರ ವರೆಗೆ ನಡೆಯಿತು. ಈ ಸ್ಪರ್ಧೆಯನ್ನು ಮನಸ್ಸಿನಲ್ಲಿಟ್ಟುಕೊಳ್ಳದಿದ್ದರೆ ಮುಂದಿನ ಕಥೆ ಅರ್ಥವಾಗುವುದಿಲ್ಲ. ನಗರದ ಇಲಾಖೆಗೆ ದುರ್ಬಲನಾದ ಅಧಿಕಾರಿ ಬಂದರೆ ಲಾಭ ಯಾರಿಗೆಂಬುದು ಊರಿನ ಮಕ್ಕಳಿಗೂ ಗೊತ್ತಿತ್ತು.

ಈಗ ಮನುಷ್ಯನ ವಿಷಯಕ್ಕೆ ಬರೋಣ. ಜೇಮ್ಸ್ ಡೆಲ್ಮೇಜ್ ರಾಸ್ ಎಂಬಾತನು 1872ರಲ್ಲಿ ಕೆನಡಾದ ಒಂಟೇರಿಯೋ ಪ್ರಾಂತದ ಚ್ಯಾಟಮ್ ಎಂಬ ಊರಿನಲ್ಲಿ ಹುಟ್ಟಿದನು. ವಿದ್ಯುಚ್ಛಾಸ್ತ್ರವನ್ನು ಆತನು ಕಲಿತದ್ದು ಸ್ವಂತ ಓದಿನಿಂದ, ಸ್ವಂತ ಪ್ರಯೋಗದಿಂದ. ಉತ್ತರದ ಹಿಮಪ್ರದೇಶದಲ್ಲಿ ಚಿನ್ನ ಸಿಕ್ಕಿತೆಂದು ಸಾವಿರಾರು ಜನ ಹುಚ್ಚೆದ್ದು ಓಡಿದಾಗ ಆತನೂ ಓಡಿದನು. ಚಿನ್ನ ಸಿಕ್ಕದೆ ಸಿಯಾಟಲಿಗೆ ಬಂದು ಸೇರಿದನು. ಸೀಡರ್ ನದಿಯ ಕೇಂದ್ರದ ವಿದ್ಯುತ್ ಭಾಗವನ್ನು ರಚಿಸುವ ಕೆಲಸ ದೊರೆಯಿತು. 1910ರಲ್ಲಿ ದೀಪದ ಇಲಾಖೆಯನ್ನು ಪ್ರತ್ಯೇಕಿಸಲಾಯಿತು. ಮರುವರ್ಷ ಊರಿನಲ್ಲಿ ದೊಡ್ಡ ಗಲಭೆ: ಜೂಜು, ಸೂಳೆಗೇರಿ, ಲಂಚ ಇವುಗಳಿಗೆ ಆಸರೆಯಾದನೆಂದು ಹೈರಮ್ ಗಿಲ್ ಎಂಬ ಮೇಯರನ್ನು ಜನರು ಅವಧಿ ಮುಗಿಯುವ ಮೊದಲೇ ಮತ ಹಾಕಿ ಕೆಳಗಿಳಿಸಿದರು. ಹೀಗೆ ಚುನಾಯಿತನನ್ನು ನಡುವೆಯೇ ಹಿಂದಕ್ಕೆ ಕರೆಯುವ ಹಕ್ಕು ಅಲ್ಲಿನ ಪೌರರಿಗೆ ಉಂಟು. ಕೆಲವೇ ತಿಂಗಳ ಹಿಂದೆ ಮತದಾನದ ಹಕ್ಕನ್ನು ಪಡೆದಿದ್ದ ಸ್ತ್ರೀಯರು ಆ ಚುನಾವಣೆಯಲ್ಲಿ ಮುಂದೆ ನಿಂತಿದ್ದರು. ಹೊಸ ಮೇಯರಾದ ಜಾರ್ಜ್ ಡಿಲ್ಲಿಂಗ್ 1911ರಲ್ಲಿ ರಾಸನನ್ನು ಇಲಾಖೆಯ ಸೂಪರಿಂಟೆಂಡೆಂಟನನ್ನಾಗಿ ನೇಮಿಸಿದನು. ಹುಡುಕಾಟವೆಂಬುದಿಲ್ಲ, ಕೆಲಸ ಬಲ್ಲವನು ಮನೆಯಲ್ಲಿಯೇ ಇದ್ದನು, ಅವನನ್ನು ಮೇಲಕ್ಕೆ ಕೂರಿಸಿದರು, ಅಷ್ಟೆ.

ಆ ಕುರ್ಚಿಯಲ್ಲಿ ಆತನು, ನಾಲ್ಕು ತಿಂಗಳು ಹೊರತಾಗಿ, 1939ರಲ್ಲಿ ಸಾಯುವ ವರೆಗೆ ಕುಳಿತನು. ಸ್ಕ್ಯಾಜಿಟ್ ಎಂಬ ಕಾಡುನದಿ ಊರಿಗೆ ಸುಮಾರು ನೂರು ಮೈಲಿ ದೂರ. ಅದರ ಕಂದರದಲ್ಲಿ ಒಂದರ ಮೇಲೊಂದು ಅಣೆಕಟ್ಟುಗಳನ್ನು ಕಟ್ಟಬೇಕೆಂಬುದು ರಾಸನ ಕನಸು. ಮೊದಲನೆಯ ಗಾರ್ಜ್ ಕೇಂದ್ರವು 1924ರ ಸೆಪ್ಟೆಂಬರಿನಲ್ಲಿ ನಡೆಯತೊಡಗಿತು. ಅಧ್ಯಕ್ಷ ಕೂಲಿಡ್ಜ್ ರಾಜಧಾನಿಯಲ್ಲಿ ಕುಳಿತು ಒಂದು ಚಿನ್ನದ ಕೀಲಿಯನ್ನು ಒತ್ತಿ ಯಂತ್ರವನ್ನು ಹೊರಡಿಸಿದನು. ಎರಡನೆಯದು ಡಯಾಬ್ಲೋ, 389 ಅಡಿ ಎತ್ತರ. 1930ರಲ್ಲಿ ಮುಗಿದಾಗ ಆ ಜಾತಿಯ ಕಮಾನು ಅಣೆಕಟ್ಟುಗಳಲ್ಲಿ ಲೋಕಕ್ಕೆಲ್ಲ ಎತ್ತರವಾದುದು. ಆದರೆ ನೆನಪಿಡಬೇಕಾದ ಮಾತೆಂದರೆ, ಆ ಕಟ್ಟೆಯಿಂದ ವಿದ್ಯುತ್ತು ಬಂದದ್ದು 1936ರಲ್ಲಿ. ಕಟ್ಟೆ ನಿಂತಿತು, ಯಂತ್ರಗಳಿಗೆ ಹಣ ಇರಲಿಲ್ಲ. ರಾಸನ ಅಂದಾಜುಗಳಿಗೂ ಕೊನೆಯ ಲೆಕ್ಕಕ್ಕೂ ಹೊಂದಿಕೆ ಕಡಿಮೆ ಎಂದು ಆತನ ವಿರೋಧಿಗಳು ಹೇಳುತ್ತಿದ್ದರು. ಅದು ಬರಿಯ ಹಗೆತನದ ಮಾತಲ್ಲ.

ಹಾಗಿದ್ದರೂ ಊರಿನ ಜನರು ಆತನನ್ನು ಪ್ರೀತಿಸಿದರು. ಕಾರಣವನ್ನು ಹುಡುಕಲು ದೂರ ಹೋಗಬೇಕಾಗಿಲ್ಲ. ದರಗಳು ಇಳಿದಿದ್ದವು. ಇಲಾಖೆಯೇ ವಿದ್ಯುತ್ತಿನ ಒಲೆಗಳನ್ನು ಮಾರುತ್ತಿತ್ತು. ಅದಕ್ಕಿಂತ ಹೆಚ್ಚಾಗಿ, ರಾಸನು ಜನರನ್ನು ಕಟ್ಟೆಯ ಬಳಿಗೇ ಕರೆದುಕೊಂಡು ಹೋದನು. ಅಲ್ಪ ಹಣಕ್ಕೆ ರೈಲಿನ ಪ್ರಯಾಣ, ಊಟ, ವಸತಿ. ರಾತ್ರಿ ಜಲಪಾತದ ಮೇಲೆ ಬಣ್ಣಬಣ್ಣದ ದೀಪ, ಮರಗಳ ಮರೆಯಿಂದ ಸಂಗೀತ, ಮಲೆಯ ನಡುವೆ ಬೇರೆ ಹವೆಯ ಗಿಡಗಳ ತೋಟ. ನಮ್ಮವರು ಕನ್ನಂಬಾಡಿಗೆ ಬೃಂದಾವನದ ದೀಪ ನೋಡಲು ಹೋದಂತೆಯೇ ಎನ್ನಿರಿ. ಒಡೆಯರು ತಮ್ಮ ಆಸ್ತಿಯನ್ನು ಕಣ್ಣಾರೆ ನೋಡಿ ಬಂದರು. ಬಂದವರೆಲ್ಲ ರಾಸನ ಪಕ್ಷದ ಮತದಾರರಾದರು.

ಹೀಗಿರುವಾಗ 1931ನೆಯ ಇಸವಿ ಬಂತು. ಮೇಯರು ಫ್ರ್ಯಾಂಕ್ ಎಡ್ವರ್ಡ್ಸ್, ಚಲನಚಿತ್ರ ಮಂದಿರಗಳ ವ್ಯಾಪಾರದಿಂದ ಮೇಲೆ ಬಂದವನು. 1928ರಲ್ಲಿ ಬರ್ತಾ ಲ್ಯಾಂಡೆಸ್ ಎಂಬ ಮಹಿಳಾ ಮೇಯರನ್ನು ಸೋಲಿಸಿ ಅಧಿಕಾರಕ್ಕೆ ಬಂದಿದ್ದನು. ಮಾರ್ಚಿ 10ರಂದು ಊರಿನಲ್ಲಿ ಚುನಾವಣೆ. ಸ್ಕ್ಯಾಜಿಟ್ಟಿನ ಕಟ್ಟಡದ ಕೆಲಸವನ್ನು ನಗರದ ಇಂಜಿನಿಯರಿನ ಕೈಯಿಂದ ತೆಗೆದು ದೀಪದ ಇಲಾಖೆಗೆ ಒಪ್ಪಿಸಬೇಕೆ ಎಂಬುದು ಜನರ ಮುಂದಿದ್ದ ಪ್ರಶ್ನೆ. ಅದರ ಹಿಂದಿನ ದಿನ ಮೇಯರು ರಾಸನನ್ನು ಕೆಲಸದಿಂದ ತೆಗೆದುಹಾಕಿದನು. ದಕ್ಷತೆಯಿಲ್ಲ, ನಿಷ್ಠೆಯಿಲ್ಲ ಎಂಬ ಮಾತುಗಳು ಆಪಾದನೆಯಲ್ಲಿದ್ದವು. ಜನರ ಉತ್ತರ ಮರುದಿನವೇ ಬಂತು: ತಿದ್ದುಪಡಿ ಗೆದ್ದಿತು. ಆದರೆ ಆ ಗೆಲವಿನ ಕೆಲಸವನ್ನು ಮಾಡಬೇಕಾದ ಮನುಷ್ಯ ಮನೆಯಲ್ಲಿ ಕುಳಿತಿದ್ದನು.

ಮುಂದಿನ ನಾಲ್ಕು ತಿಂಗಳು ಸಿಯಾಟಲಿನಲ್ಲಿ ಬೇರೆ ಮಾತಿರಲಿಲ್ಲ. ದೇಶವೆಲ್ಲ ಕೆಲಸವಿಲ್ಲದೆ ಬೇಯುತ್ತಿದ್ದ ಕಾಲ ಅದು. ಆದರೂ ಊರು ಒಬ್ಬ ಅಧಿಕಾರಿಗಾಗಿ ಬೀದಿಗಿಳಿಯಿತು. ಮ್ಯಾರಿಯನ್ ಜಿಯಾನ್‌ಚೆಕ್ ಎಂಬ ತರುಣ ವಕೀಲನು ಮುಂದಾಳಾಗಿ ಸಹಿಗಳನ್ನು ಕೂಡಿಸಿದನು. ಜುಲೈ 13ರಂದು ಮತ ನಡೆಯಿತು. ಎಡ್ವರ್ಡ್ಸ್ ದೊಡ್ಡ ಅಂತರದಿಂದ ಪದಚ್ಯುತನಾದನು. ನಗರಸಭೆಯು ರಾಬರ್ಟ್ ಹಾರ್ಲಿನ್ ಎಂಬವನನ್ನು ಮೇಯರಾಗಿ ಆರಿಸಿತು. ಆತನು ರಾಸನನ್ನು ಮತ್ತೆ ಅದೇ ಕುರ್ಚಿಯಲ್ಲಿ ಕೂರಿಸಿದನು.

ಇದನ್ನು ಪ್ರಜಾಪ್ರಭುತ್ವದ ವಿಜಯವೆಂದು ಬರೆದವರುಂಟು. ನಾವೂ ಬಹುಮಟ್ಟಿಗೆ ಒಪ್ಪುತ್ತೇವೆ. ಆದರೆ ಪೂರ್ತಿಯಾಗಿ ಒಪ್ಪಲಾರೆವು. ನೇಮಿಸುವ, ತೆಗೆಯುವ ಅಧಿಕಾರ ಮೇಯರಿನದೇ ಆಗಿತ್ತು; ಅದನ್ನು ಆತನು ದುರುದ್ದೇಶದಿಂದ ಬಳಸಿದನೆಂದು ಜನ ನಂಬಿದರು. ಆ ಪೆಟ್ಟಿನ ಫಲವಾಗಿ, ಮುಂದೆ ಯಾವ ಮೇಯರಿಗೂ ರಾಸನನ್ನು ಮುಟ್ಟುವ ಧೈರ್ಯವಿಲ್ಲದಾಯಿತು. 1935ರಲ್ಲಿ ಅಧ್ಯಕ್ಷ ರೂಸ್‌ವೆಲ್ಟ್ ಆತನನ್ನು ಷೇರು ವ್ಯಾಪಾರದ ಮೇಲ್ವಿಚಾರಣೆಯ ಕೇಂದ್ರ ಮಂಡಲಿಗೂ, 1937ರಲ್ಲಿ ಕೊಲಂಬಿಯಾ ನದಿಯ ಬಾನ್‌ವಿಲ್ ವಿದ್ಯುತ್ತಿನ ಆಡಳಿತಕ್ಕೂ ಕರೆದನು. ಎರಡಕ್ಕೂ ಹೋದ ರಾಸನು ಸಿಯಾಟಲಿನ ಹುದ್ದೆಯನ್ನು ಬಿಡಲಿಲ್ಲ. ಊರೂ ಬಿಡು ಎನ್ನಲಿಲ್ಲ. ಒಬ್ಬ ಮನುಷ್ಯನೂ ಒಂದು ಇಲಾಖೆಯೂ ಬೇರೆಬೇರೆ ಎಂಬುದೇ ಜನರಿಗೆ ಮರೆತುಹೋದಾಗ, ಆ ಮನುಷ್ಯನ ತರುವಾಯ ಏನು ಎಂದು ಕೇಳುವವರು ಇರುವುದಿಲ್ಲ. 1939ರ ಮಾರ್ಚಿಯಲ್ಲಿ ಆತನು ತೀರಿಕೊಂಡನು. ಸ್ಕ್ಯಾಜಿಟ್ಟಿನ ದಡದ ನ್ಯೂಹೇಲಮ್ ಎಂಬ ಇಲಾಖೆಯ ಹಳ್ಳಿಯಲ್ಲಿ, ಬಂಡೆಯಲ್ಲಿ ಕೊರೆದ ಗೂಡಿನಲ್ಲಿ ಆತನ ಸಮಾಧಿ ಇದೆ. ಮೂರನೆಯ ಕಟ್ಟೆಗೆ ಆತನದೇ ಹೆಸರು.

ಮುಂದಿನ ಹತ್ತು ಹನ್ನೆರಡು ವರ್ಷಗಳನ್ನು ಬೇಗ ದಾಟಬಹುದು. ಖಾಸಗಿ ಕಂಪೆನಿಯ ಆಸ್ತಿಯನ್ನು ಊರು ಕೊಂಡುಕೊಳ್ಳಬೇಕೆ ಎಂಬ ಪ್ರಶ್ನೆ 1950ರಲ್ಲಿ ಮತಕ್ಕೆ ಬಿತ್ತು. ಗೆದ್ದದ್ದು 754 ಮತಗಳಿಂದ. ಎರಡು ಸಾಲು ಕಂಬಗಳು ಒಂದಾದವು. ಸ್ಪರ್ಧಿ ಹೋದನು, ಅಧಿಕಾರಿಯ ಒಳ್ಳೆಯತನವನ್ನು ಅಳೆಯಲು ಪಕ್ಕದಲ್ಲಿದ್ದ ತಕ್ಕಡಿಯೂ ಹೋಯಿತು.

1972ರಲ್ಲಿ ಮೇಯರು ವೆಸ್ ಉಲ್ಮನ್ ಒಂದು ಹೊಸ ಪ್ರಯೋಗ ಮಾಡಿದನು. ಇಂಜಿನಿಯರರ ಕೋಟೆಯಂತಿದ್ದ ಆ ಇಲಾಖೆಗೆ ಊರಿನ ಅಗ್ನಿಶಾಮಕ ದಳದ ಮುಖ್ಯಸ್ಥನಾಗಿದ್ದ ಗಾರ್ಡನ್ ವಿಕರಿಯನ್ನು ತಂದು ಕೂರಿಸಿದನು. ವಿಕರಿಗೆ ಶಿಸ್ತು ಗೊತ್ತು, ಜನರನ್ನು ದುಡಿಸುವುದು ಗೊತ್ತು; ವಿದ್ಯುತ್ತು ಗೊತ್ತಿಲ್ಲ. ಆಡಳಿತವೆಂಬುದು ಎಲ್ಲ ಕಡೆಯೂ ಒಂದೇ, ಕೆಲಸದ ಒಳಗುಟ್ಟು ತಿಳಿಯದಿದ್ದರೂ ನಡೆಸಬಹುದು ಎಂಬ ನಂಬಿಕೆ ನಮ್ಮ ದೇಶದಲ್ಲಿಯೂ ಬಲವಾದದ್ದೇ. 1947ರ ಆಗಸ್ಟಿನಿಂದ ಮುಂಬಯಿ ನಗರಕ್ಕೆ ಸೇರಿದ ಬೆಸ್ಟ್ ಸಂಸ್ಥೆಗೂ, ನಮ್ಮ ಬೆಸ್ಕಾಂ ಕಂಪೆನಿಗೂ ಮುಖ್ಯಸ್ಥರಾಗಿ ಸಾಮಾನ್ಯವಾಗಿ ಐ.ಎ.ಎಸ್. ಅಧಿಕಾರಿಗಳೇ ಬರುತ್ತಾರೆ; ಕಲಿಯುವಷ್ಟರಲ್ಲಿ ವರ್ಗವಾಗಿ ಹೋಗುವುದೂ ಉಂಟು. ಸಿಯಾಟಲಿನಲ್ಲಿ ಮಾತ್ರ ಕೆಲಸಗಾರರು ಇದನ್ನು ಸಹಿಸಲಿಲ್ಲ. 1974ರ ಏಪ್ರಿಲಿನಲ್ಲಿ, ಕಾಫಿಯ ವಿರಾಮ ಹೆಚ್ಚಾಯಿತೆಂದು ಇಬ್ಬರು ಮೇಸ್ತ್ರಿಗಳನ್ನು ಅಮಾನತು ಮಾಡಿದ್ದೇ ನೆಪವಾಗಿ ನೂರಾರು ಜನ ಕೆಲಸ ಬಿಟ್ಟು ಹೊರಬಂದರು. ಹನ್ನೊಂದು ದಿನ ಹೊರಗೇ ನಿಂತರು. ಮರುವರ್ಷ ಮೇಯರನ್ನೇ ಹಿಂದಕ್ಕೆ ಕರೆಯುವ ಮತ ನಡೆಯಿತು. ಇಲಾಖೆಯ ಮುಖ್ಯಸ್ಥನ ಕಾರಣದಿಂದ ಮೇಯರೊಬ್ಬನು ಹೀಗೆ ಮತದ ಕಟಕಟೆ ಹತ್ತಿದ್ದು ಇದು ಎರಡನೆಯ ಸಲ. ಆದರೆ ಈ ಸಲ ಮೇಯರು ಗೆದ್ದನು, ಅದೂ ಸುಲಭವಾಗಿ. 1931ರಲ್ಲಿ ಜನರು ಇಲಾಖೆಯ ಪರವಾಗಿ ನಿಂತಿದ್ದರು. 1975ರಲ್ಲಿ ಇಲಾಖೆಯವರೇ ಬಂದು ಕರೆದರೂ ಅವರ ಜೊತೆಗೆ ಹೋಗಲಿಲ್ಲ.

ಹಾಗಾದರೆ ಒಡೆಯನಾದ ಪೌರನ ಕೈಯಲ್ಲಿರುವುದು ಮೇಯರನ್ನು ಉರುಳಿಸುವ ಆ ಒಂದು ದೊಣ್ಣೆಯೇ ಏನು? ಇನ್ನೊಂದು ಉಪಾಯವೂ ಅಲ್ಲಿ ಉಂಟು. ಮೇಯರು ಹೆಸರಿಸಿದವರನ್ನು ನಗರಸಭೆ ಒಪ್ಪಬೇಕು. ನಾಲ್ಕು ವರ್ಷಕ್ಕೊಮ್ಮೆ ಅದೇ ಅಧಿಕಾರಿ ಮತ್ತೆ ಸಭೆಯ ಮುಂದೆ ನಿಂತು ಒಪ್ಪಿಗೆ ಪಡೆಯಬೇಕು. ನೋಡುವುದಕ್ಕೆ ಸಪ್ಪೆಯಾದ ಈ ಏರ್ಪಾಡನ್ನು ನಾವು ಬೀದಿಯ ಚಳವಳಿಗಿಂತ ಹೆಚ್ಚಾಗಿ ಮೆಚ್ಚುತ್ತೇವೆ. 2000 ಮತ್ತು 2001ರಲ್ಲಿ ಪಶ್ಚಿಮ ತೀರದಲ್ಲೆಲ್ಲ ವಿದ್ಯುತ್ತಿನ ಬೆಲೆ ಮುಗಿಲಿಗೇರಿ, ಮಳೆಯೂ ಕೈಕೊಟ್ಟು, ಸಿಯಾಟಲಿನ ಇಲಾಖೆ ಭಾರಿ ಸಾಲದಲ್ಲಿ ಬಿತ್ತು. ಪೌರರು ತೆರುವ ದರ ಹಿಂದಿನದರ ಮೇಲೆ ಅರ್ಧದಷ್ಟಕ್ಕೂ ಮೀರಿ ಏರಿತು. 2003ರಲ್ಲಿ ಅಂದಿನ ಸೂಪರಿಂಟೆಂಡೆಂಟ್ ಗ್ಯಾರಿ ಜಾರ್ಕರ್ ಅವರಿಗೆ ಸಭೆಯು ಮತ್ತೆ ಒಪ್ಪಿಗೆ ಕೊಡಲಿಲ್ಲ. ಯಾರೂ ಬೀದಿಗಿಳಿಯಲಿಲ್ಲ. ಲೆಕ್ಕ ಕೇಳಲಾಯಿತು, ಲೆಕ್ಕ ಸಾಲದೆಂದು ಕಂಡಿತು, ಅವರು ಹೊರಟರು.

ಅಲ್ಲಿಂದ ಮುಂದೆ ಹುಡುಕಾಟವು ಹೊರಗಿನ ಪೇಟೆಗೆ ಹೋಯಿತು. ಪೇಟೆಗೆ ಹೋದ ಮೇಲೆ ಬೆಲೆಯ ಮಾತು ಬರದೆ ಇರುವುದೇ? 2004ರಲ್ಲಿ ಬಂದ ಹೊರ್ಹೆ ಕರಾಸ್ಕೋ ಅವರ ಸಂಬಳವನ್ನು 2014ರಲ್ಲಿ ವರ್ಷಕ್ಕೆ 60,000 ಡಾಲರುಗಳ ವರೆಗೆ ಏರಿಸುವ ಸಲಹೆ ಬಂದಾಗ ಊರು ಕೆರಳಿತು, ಏರಿಕೆ ನಿಂತುಹೋಯಿತು. 2016ರಲ್ಲಿ ಟೆಕ್ಸಸ್ಸಿನ ಆಸ್ಟಿನ್ ನಗರದ ವಿದ್ಯುತ್ ಇಲಾಖೆಯಿಂದ ಲ್ಯಾರಿ ವೈಸ್ ಅವರನ್ನು ಕರೆತಂದಾಗ ಕೊಟ್ಟದ್ದು 3,40,000 ಡಾಲರು. ನಗರದ ನೌಕರರಲ್ಲಿ ಯಾರಿಗೂ ಅಷ್ಟು ಸಂಬಳವಿರಲಿಲ್ಲ. ಖಾಸಗಿ ಕಂಪೆನಿಗಳು ಇದಕ್ಕಿಂತ ಬಹುಪಾಲು ಹೆಚ್ಚು ಕೊಡುತ್ತವೆ, ಇಷ್ಟಾದರೂ ಕೊಡದಿದ್ದರೆ ಬಲ್ಲವರು ಬರುವುದಿಲ್ಲ ಎಂಬುದು ಒಂದು ಪಕ್ಷ. ಊರಿನ ಸೇವಕನಿಗೆ ಊರಿನ ಮೇಯರಿಗಿಂತ ಹೆಚ್ಚು ಏಕೆಂಬುದು ಇನ್ನೊಂದು. ಎರಡರಲ್ಲಿಯೂ ಹುರುಳಿದೆ. ಆದರೆ ಹಣಕ್ಕಾಗಿ ಬಂದವರು ನೆಲೆ ನಿಲ್ಲುವರೆಂಬ ಭರವಸೆಯೇನೂ ಇಲ್ಲ: ಎರಡು ವರ್ಷ ತುಂಬುವುದರೊಳಗೆ ಮೇಯರು ಬದಲಾಗಿ, ವೈಸ್ ಅವರು ಹೋದರು.

2018ರಲ್ಲಿ ಓರೆಗಾನ್ ಸಂಸ್ಥಾನದ ಸಮುದ್ರತೀರದ ಒಂದು ಸಣ್ಣ ಸಾರ್ವಜನಿಕ ವಿದ್ಯುತ್ ಸಂಸ್ಥೆಯಿಂದ ಡೆಬ್ರಾ ಸ್ಮಿತ್ ಅವರು ಬಂದರು. ಅವರ ತರುವಾಯ, 2024ರಲ್ಲಿ, ಕ್ಯಾಲಿಫೋರ್ನಿಯಾದ ಬರ್ಬ್ಯಾಂಕ್ ಪಟ್ಟಣದ ನೀರು ಮತ್ತು ವಿದ್ಯುತ್ ಇಲಾಖೆಯನ್ನು ನಡೆಸಿದ್ದ ಡಾನ್ ಲಿಂಡೆಲ್ ಅವರು ಬಂದರು. ಆಸ್ಟಿನ್, ಓರೆಗಾನಿನ ತೀರ, ಬರ್ಬ್ಯಾಂಕ್ ಈ ಮೂರೂ ಕಡೆಗಳಲ್ಲಿ ವಿದ್ಯುತ್ತು ಷೇರುದಾರರದಲ್ಲ, ಜನರದು. ಮೇಯರು ಹೆಸರನ್ನು ಸಭೆಗೆ ಕಳುಹಿಸಿದರು, ಸಭೆಯವರು ಪ್ರಶ್ನೆಗಳನ್ನು ಕೇಳಿದರು, ಒಪ್ಪಿಗೆಯಾಯಿತು. ಕಾಡಿನ ನಡುವೆ, ರಾಸನ ಸಮಾಧಿಗೆ ಕೂಗಳತೆಯಲ್ಲಿ, ಗಾರ್ಜ್ ಕೇಂದ್ರದ ಯಂತ್ರಗಳು ಊರಿಗಾಗಿ ತಿರುಗುತ್ತಲೇ ಇವೆ.