ಹುಡುಗಾಟ ಯಾರದು, ಪುಂಡಾಟ ಯಾರದು

ಹೈಸ್ಕೂಲಿನಲ್ಲಿ ಒಂದು ಮಧ್ಯಾಹ್ನ ಗೆಳೆಯನೂ ನಾನೂ ಕ್ಲಾಸಿಗೆ ಚಕ್ಕರ್ ಹೊಡೆದು ಸಿನಿಮಾಕ್ಕೆ ಹೋಗಿ ಸಿಕ್ಕಿಬಿದ್ದೆವು. ನಮ್ಮಪ್ಪ ಬ್ಯಾಂಕ್ ಮ್ಯಾನೇಜರು. 'ನಿನ್ನಂಥೋನು ಹೀಗೆ ಮಾಡಬಹುದೇನೋ?' ಅಂತ ಹೆಡ್‌ಮಾಸ್ಟರು ನನ್ನನ್ನು ಬೈದು ಬಿಟ್ಟರು. ಗೆಳೆಯನ ಅಪ್ಪ ಹಮಾಲಿ. ಅವನ ಕೈಗೆ ಟಿಸಿ ಕೊಟ್ಟರು. ಐಡಿಯಾ ನಂದೇ, ಟಿಕೆಟ್ ದುಡ್ಡೂ ನಂದೇ. ಅದನ್ನು ನಾನು ಬಾಯಿಬಿಡಲಿಲ್ಲ.

ಎಷ್ಟೋ ವರ್ಷದ ಮೇಲೆ, ಅಮೆರಿಕದ ಸಮಾಜಶಾಸ್ತ್ರಜ್ಞ ವಿಲಿಯಂ ಚಾಂಬ್ಲಿಸ್ 1973ರಲ್ಲಿ ಪ್ರಕಟಿಸಿದ ಲೇಖನವೊಂದನ್ನು ಓದುವಾಗ ಇದೆಲ್ಲ ನೆನಪಾಯಿತು. ಅಲ್ಲಿನ ಒಂದು ಹೈಸ್ಕೂಲಿನ ಎರಡು ಗುಂಪುಗಳನ್ನು ಆತ ಎರಡು ವರ್ಷ ಹತ್ತಿರದಿಂದ ಗಮನಿಸಿದ್ದ. ಎಂಟು ಹುಡುಗರ ಗುಂಪಿಗೆ 'ಸಂತರು', ಆರು ಹುಡುಗರದಕ್ಕೆ 'ಪುಂಡರು' ಅಂತ ಹೆಸರಿಟ್ಟ.

ಸಂತರು ಉಳ್ಳವರ ಮನೆ ಮಕ್ಕಳು. ಏನೋ ಸುಳ್ಳು ಹೇಳಿ ಒಬ್ಬ ಹೊರಬೀಳುತ್ತಿದ್ದ. ಆಮೇಲೆ ಅವನೇ ಇನ್ನೊಬ್ಬನ ಕ್ಲಾಸಿಗೆ ಹೋಗಿ, ನಾಟಕದವರು ಕರೀತಿದಾರೆ ಎನ್ನುತ್ತಿದ್ದ. ಹೀಗೆ ಒಬ್ಬೊಬ್ಬರಾಗಿ ಹೊರಬಂದು ಕಾರು ಹತ್ತುತ್ತಿದ್ದರು. ಕುಡಿತ, ಅಡ್ಡಾದಿಡ್ಡಿ ಡ್ರೈವಿಂಗು ಮಾಮೂಲು. ರಾತ್ರಿ ಹೊತ್ತು ರಸ್ತೆ ರಿಪೇರಿ ಜಾಗದ ದೀಪ, ಅಡ್ಡಗಟ್ಟೆಗಳನ್ನು ತೆಗೆದಿಟ್ಟು, ಬಂದ ಕಾರು ಗುಂಡಿಗೆ ಇಳಿಯೋದನ್ನು ನೋಡುವ ಆಟ ಬೇರೆ. ಯಾರಾದರೂ ಸತ್ತಿದ್ದರೆ? ಆ ಎರಡು ವರ್ಷದಲ್ಲಿ ಒಬ್ಬ ಸಂತನೂ ಅರೆಸ್ಟ್ ಆಗಲಿಲ್ಲ. ಪುಂಡರು ಬಡವರ ಮಕ್ಕಳು. ಕುಡಿದರು, ಕದ್ದರು, ಹೊಡೆದಾಡಿದರು, ಪೊಲೀಸರ ಕೈಗೆ ಮತ್ತೆ ಮತ್ತೆ ಸಿಕ್ಕರು.

ಯಾಕೆ? ಚಾಂಬ್ಲಿಸ್ ಕೊಡುವ ಕಾರಣಗಳಲ್ಲಿ ಒಂದು, ಕಾರು. ಕಾರಿದ್ದವರು ಊರಿನ ಕಣ್ತಪ್ಪಿಸಿ ದೂರ ಹೋಗಬಹುದು. ಇಲ್ಲದವರು ಪೇಟೆಯ ಮೂಲೆಯಲ್ಲಿ ಎಲ್ಲರ ಕಣ್ಣೆದುರೇ ನಿಲ್ಲಬೇಕು. ಇನ್ನೊಂದು, ನಡವಳಿಕೆ. ಸಿಕ್ಕಿಬಿದ್ದ ಸಂತರು ವಿನಯದಿಂದ ತಪ್ಪಾಯ್ತು ಎನ್ನುತ್ತಿದ್ದರು, ಪುಂಡರು ಸೆಟೆದು ನಿಲ್ಲುತ್ತಿದ್ದರು. (ಹೆಡ್‌ಮಾಸ್ಟರ ಮುಂದೆ ನಾನೂ ತಲೆ ತಗ್ಗಿಸಿದ್ದೆ. ಅದು ಮನೆಯಲ್ಲೇ ಕಲಿತ ವಿದ್ಯೆ.) ಇವೆರಡರ ಮೇಲೆ ಊರಿನ ಪೂರ್ವಗ್ರಹ. ಸಂತರು ಕುಡಿದರೆ ಹುಡುಗಾಟ, ಪುಂಡರು ಕುಡಿದರೆ ಪುಂಡಾಟ.

ಮುಂದೆ ಸಂತರಲ್ಲಿ ಏಳು ಜನ ಕಾಲೇಜು ಸೇರಿದರು. ಪುಂಡರಲ್ಲಿ ಇಬ್ಬರು ಕೊಲೆ ಮಾಡಿ ಜೈಲು ಸೇರಿದರು. ಆದರೆ ಇನ್ನಿಬ್ಬರಿಗೆ ಫುಟ್‌ಬಾಲ್ ಸ್ಕಾಲರ್‌ಶಿಪ್ ಸಿಕ್ಕಿತು ನೋಡಿ, ಅವರು ಓದಿ ಮೇಷ್ಟ್ರಾದರು.

ನನ್ನ ಗೆಳೆಯ ಗ್ಯಾರೇಜ್ ಸೇರಿದ. ಅದು ಶಾಲೆಯ ದಾರಿಯಲ್ಲೇ ಇತ್ತು. ಆ ವರ್ಷ ಪೂರ್ತಿ ನಾನು ಬೇರೆ ರಸ್ತೆಯಲ್ಲಿ ಶಾಲೆಗೆ ಹೋದೆ.